ಬೇರಿನಡಿಯ ತಗಡು

ಮೊನ್ನೆ ಬೆಳಗಾವಿಯ ನೆಹರು ನಗರದಲ್ಲಿ ಕಣ್ಣು ತೋರಿಸಿಕೊಂಡು ಹೊರಗೆ ಬಂದೆ. ಡಾಕ್ಟರು ಹನಿ ಹಾಕಿದ್ದರಿಂದ ರಸ್ತೆ, ಮನುಷ್ಯರು, ಆಟೋ ಎಲ್ಲ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿದ್ದವು. ಬಿಸಿಲಿಗೆ ಕಣ್ಣು ಬಿಡಲಾರದೆ ಯಾರದೋ ಮನೆಯ ಕಾಂಪೌಂಡಿನ ನೆರಳಿಗೆ ಸರಿದು ನಿಂತೆ. ಆಗ ಆ ವಾಸನೆ ಬಂತು. ಸರಿಯಾಗಿ ಕಾಣದಿದ್ದರೂ ಏನೆಂದು ತಕ್ಷಣ ಗೊತ್ತಾಯಿತು. ಪ್ರಿವೆಟ್ ಬೇಲಿ. ಅದನ್ನು ಕತ್ತರಿಸುವ ಮಾಲಿ ಊರಿಗೆ ಹೋಗಿರಬೇಕು. ಯಾವಾಗಲೂ ಗೋಡೆಯ ಹಾಗೆ ಚೌಕಾಗಿ ನಿಲ್ಲುವ ಗಿಡ ಈ ಸಲ ತನಗೆ ಬೇಕಾದ ಹಾಗೆ ಬೆಳೆದು ತುದಿತುದಿಗೆ ಹೂ ಬಿಟ್ಟಿತ್ತು. ಅಕ್ಕಿನುಚ್ಚಿನಂಥ ಬಿಳಿ ಹೂವು... ಬೆರಳಿನಿಂದ ಮುಟ್ಟಿ ನೋಡಿದೆ. ಈ ವಾಸನೆಗೆ ಕೆಲವರಿಗೆ ತಲೆನೋವು ಬರುತ್ತದೆ, ಕೆಲವರಿಗೆ ಜೇನು ನೆನಪಾಗುತ್ತದೆ. ನನಗೆ ಸಿಟ್ಟು ಬರುತ್ತದೆ.

ಸಿಟ್ಟು ಅಂದರೆ ಸಣ್ಣ ಸಿಟ್ಟಲ್ಲ. ಆ ಮನುಷ್ಯ ತೀರಿಕೊಂಡು ಮೂರು ವರ್ಷವಾಗುತ್ತ ಬಂತು. ಸತ್ತವರ ಮೇಲೆ ಏನೂ ಇಟ್ಟುಕೊಳ್ಳಬಾರದು ಅಂತ ನಮ್ಮಕ್ಕ ಖಾನಾಪುರದಿಂದ ಫೋನು ಮಾಡಿದಾಗಲೆಲ್ಲ ಬುದ್ಧಿ ಹೇಳುತ್ತಾಳೆ. ಹೇಳಲಿ. ಆಕೆಗೇನು ಹೋಗಬೇಕು.

ಅವರನ್ನು ನಾನು ಸರ್ ಅಂತಲೇ ಕರೆಯುತ್ತಿದ್ದೆ. ಟಿಳಕವಾಡಿಯಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವರದು. ಜೀವಮಾನವೆಲ್ಲ ಸಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿದ್ದರು. ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುವವಳು. ಆಗ ನನ್ನ ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಓಣಿಯವರು ನನ್ನ ಜೊತೆ ಮಾತಾಡುವಾಗ ದನಿ ತಗ್ಗಿಸುತ್ತಿದ್ದರು, ನಾನೇ ಹಾಸಿಗೆ ಹಿಡಿದಿದ್ದೇನೋ ಅನ್ನುವ ಹಾಗೆ. ಸರ್ ಮಾತ್ರ ಒಂದು ಬೆಳಿಗ್ಗೆ ಬಾಗಿಲಿಗೆ ಬಂದು, ನೀವು ಹೊಲಿದು ಬಿಸಾಡುವ ಚಿಂದಿ ನನಗೆ ಬೇಕಾಗಿತ್ತು ಅಂದರು. ಯಾತಕ್ಕೆ ಅಂತ ಕೇಳಿದೆ. ಗಿಡಕ್ಕೆ ಕಟ್ಟಲಿಕ್ಕೆ ಅಂದರು. ಗಿಡಕ್ಕೂ ಕುಬಸ ಹೊಲಿಸುವವರೇನ್ರಿ ನೀವು, ಅಂದುಬಿಟ್ಟೆ. ಎಷ್ಟೋ ತಿಂಗಳ ಮೇಲೆ ನನ್ನ ಬಾಯಿಂದ ಬಂದ ಮೊದಲ ಚೇಷ್ಟೆಯ ಮಾತು ಅದು. ಅವರು ನಗಲಿಲ್ಲ. ಮೊದಲು ಬಂದು ನೋಡಿ, ಆಮೇಲೆ ನಗಿರಿ ಅಂತ ಹೇಳಿ ಚಿಂದಿಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಹೋಗಿ ನೋಡಿದೆ. ಮಾಳಿಗೆಯ ತುಂಬ ಕುಂಡಗಳು. ಮೊಣಕಾಲೆತ್ತರದ ಆಲ, ಗೇಣುದ್ದದ ಹುಣಸೆ, ಮತ್ತೆ ಒಂದು ಸಾಲಿನಲ್ಲಿ ಗಟ್ಟಿ ಬೊಡ್ಡೆಯ, ಸಣ್ಣೆಲೆಯ, ನಾನು ಯಾವತ್ತೂ ನೋಡಿರದ ಗಿಡಗಳು. ಕಾಡು ಪ್ರಿವೆಟ್ ಅಂದರು. ಬಂಗಲೆಗಳ ಸುತ್ತ ಬೇಲಿಗೆ ಹಚ್ಚುತ್ತಾರಲ್ಲ, ಅದರ ಕಾಡಿನ ಸಂಬಂಧಿ. ಗಿಡವನ್ನು ಹೀಗೆ ಗಿಡ್ಡ ಮಾಡಿ ಕೂಡಿಹಾಕುವುದು ಪಾಪ ಅಲ್ಲವೇ ಅಂತ ನಾನು ಮುಖಕ್ಕೆ ಹೊಡೆದ ಹಾಗೆ ಕೇಳಿದೆ. ಅವರಿಗೆ ಬೇಸರವಾಗಲಿಲ್ಲ. ಗಿಡ್ಡ ಮಾಡಿದ್ದು ನಾನಲ್ಲ, ಆಡು ಅಂದರು. ಖಾನಾಪುರದ ಕಡೆ ಹೊಲದ ಬದುವಿನಲ್ಲಿ ಈ ಗಿಡ ಏಳುತ್ತದೆ, ಎದ್ದಷ್ಟೂ ಆಡು ಮೇಯುತ್ತದೆ, ಆಡು ಬಿಟ್ಟದ್ದನ್ನು ಕುಡುಗೋಲು ಕೊಯ್ಯುತ್ತದೆ. ಮೇಲೆ ಬೆಳೆಯಲಾರದ್ದು ಅಡ್ಡ ಬೆಳೆಯುತ್ತದೆ. ಅರವತ್ತು ವರ್ಷದ ಮರ ಮೊಣಕಾಲಿಗೆ ಬರುತ್ತದೆ. ಅಂಥದನ್ನು ಹುಡುಕಿ, ಬೇರು ಸಮೇತ ಎತ್ತಿ ತಂದು ಕುಂಡದಲ್ಲಿಟ್ಟು, ಆಡು ಮಾಡುತ್ತಿದ್ದ ಕೆಲಸವನ್ನು ಮುಂದೆ ತಾವು ಕತ್ತರಿಯಿಂದ ಮಾಡುವುದು. ಅಷ್ಟೇ. ನನ್ನ ಕೈಗೆ ಕತ್ತರಿ ಕೊಟ್ಟು, ನಿಮಗೆ ಕತ್ತರಿ ಹಿಡಿಯುವುದು ನಾನು ಕಲಿಸಬೇಕಾಗಿಲ್ಲ ಅಂದರು. ಅವತ್ತಿನಿಂದ ನಾನು ಅವರ ಶಿಷ್ಯೆ.

ಸರ್ ಕಡೆ ಬಹಳ ಕಟ್ಟುನಿಟ್ಟಿತ್ತು. ಅರಣ್ಯಕ್ಕೆ ಕೈ ಹಾಕುವಂತಿಲ್ಲ. ಬದುವಿನ ಗಿಡವೇ ಆಗಬೇಕು, ಹೊಲದವರನ್ನು ಕೇಳಿಯೇ ತೆಗೆಯಬೇಕು. ಕೇಳಿದ ಮೇಲೂ ಒಮ್ಮೆಲೇ ಎತ್ತುವಂತಿಲ್ಲ. ಮುಂಗಾರಿನ ಸುರುವಿಗೆ ಮಿರಗದ ಮಳೆ ಬಿದ್ದಾಗ ಹೋಗಿ ಸುತ್ತ ಅರ್ಧ ಕಂದಕ ತೆಗೆದು ಆ ಕಡೆಯ ದಪ್ಪ ಬೇರು ಕಡಿದು ಮಣ್ಣು ಮುಚ್ಚಿ ಬರಬೇಕು. ಒಂದು ವರ್ಷದಲ್ಲಿ ಅಲ್ಲಿ ಸಣ್ಣ ಬೇರು ಹುಟ್ಟುತ್ತವೆ. ಮುಂದಿನ ಮಿರಗಕ್ಕೆ ಇನ್ನರ್ಧ ಕಡಿದು ಎತ್ತಬೇಕು. ಒಂದು ವರ್ಷ ಕಾಯಲಾರದವನು ಗಿಡ ಕೇಳಬಾರದು ಅನ್ನುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು, ಅದು ಅವರದೇ. ಹಳೆಯ ಅಲ್ಯುಮಿನಿಯಂ ಡಬ್ಬಿ ಕತ್ತರಿಸಿ ಬೆರಳಗಲದ ತಗಡು ಮಾಡುವರು. ಸಾಲೆಯ ಕೈವಾರದ ಮೊನೆಯಿಂದ ಅದರ ಮೇಲೆ ಗಿಡ ಎಲ್ಲಿಯದು, ಯಾರು ಕೊಟ್ಟದ್ದು, ಏನಾದರೂ ಮಾತು ಕೊಟ್ಟಿದ್ದರೆ ಆ ಮಾತು, ಎಲ್ಲ ಗೀರಿ ಬರೆದು ಕುಂಡದಲ್ಲಿ ಬೇರಿನ ಕೆಳಗೆ ಇಡುವರು. ಎರಡು ಮೂರು ವರ್ಷಕ್ಕೊಮ್ಮೆ ಗಿಡವನ್ನು ಕುಂಡದಿಂದ ತೆಗೆದು, ಬೇರು ಸವರಿ, ಹೊಸ ಮಣ್ಣು ಹಾಕಬೇಕಾಗುತ್ತದೆ. ಆಗ ಆ ತಗಡನ್ನು ಒರೆಸಿ, ಓದಿ, ಹಿಂಬದಿಯಲ್ಲಿ ಆ ಸಲದ ತಿಂಗಳು, ವರ್ಷ ಗೀರಿ ಮತ್ತೆ ಅಲ್ಲೇ ಇಡುವರು. ಮೇಲೆ ಚೀಟಿ ಅಂಟಿಸಿದರೆ ಆಗುವುದಿಲ್ಲವೇ ಅಂತ ಕೇಳಿದ್ದೆ. ಅದಕ್ಕೆ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

“ಮ್ಯಾಲಿನ ಚೀಟಿ ಮಂದಿಗೆ. ಕೆಳಗಿನ ತಗಡು ನಮಗ. ನಾವು ಯಾರ ಋಣದಾಗ ಇದ್ದೀವಿ ಅನ್ನೂದು ಎರಡ ವರ್ಷಕ್ಕೊಮ್ಮೆ ಓದಬೇಕು ನೋಡು.”

ಆಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಎಂಥ ಮನುಷ್ಯ ಅನ್ನಿಸಿತ್ತು. ಈಗ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ.

ಆ ಗಿಡ ಸಿಕ್ಕದ್ದು ಹಲಸಿಯ ದಾರಿಯಲ್ಲಿ. ಖಾನಾಪುರದಲ್ಲಿ ಬಸ್ಸು ಬದಲಾಯಿಸಿ, ಹಲಸಿ ಇನ್ನೂ ದೂರ ಇರುವಾಗಲೇ ಇಳಿದು, ಬದು ಹಿಡಿದು ನಡೆಯುತ್ತ ಹೋಗಿದ್ದೆವು. ಮೊದಲು ಕಂಡದ್ದು ನನಗೆ. ನೆಲದಿಂದ ದಪ್ಪಗೆ ಎದ್ದು, ಗೇಣಿನಷ್ಟು ಮೇಲೆ ಸೊಂಟ ಬಿಗಿದ ಹಾಗೆ ಸಣ್ಣಗಾಗಿ, ಮತ್ತೆ ಅಗಲವಾಗಿ ಹರಡಿಕೊಂಡಿತ್ತು. ಆ ಸೊಂಟದ ಸುತ್ತ ಆಳವಾದ ಗೆರೆ. ಸರ್ ಅದನ್ನು ನೋಡಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಆ ಬದುವಿನ ಒಡತಿ ಅಲ್ಲೇ ಕೂತು ನಮ್ಮನ್ನು ನೋಡುತ್ತಿದ್ದಳು. ಆಡು ಮೇಯಿಸುತ್ತಿದ್ದ ಒಂದು ಮುದುಕಿ. ಸುತ್ತಲಿನವರೆಲ್ಲ ಆಕೆಯನ್ನು ಆಯಿ ಅನ್ನುತ್ತಿದ್ದರು, ನಾವೂ ಆಯಿ ಅಂದೆವು. ಅರ್ಧ ಮರಾಠಿ, ಅರ್ಧ ಕನ್ನಡ ಆಕೆಯದು. ಸರ್ ನಾವು ಬಂದ ಕೆಲಸ ಹೇಳಿದಾಗ ಆಯಿಗೆ ನಗೆಯೋ ನಗೆ. ಬೆಳಗಾವಿಯವರು ಆಡು ತಿಂದು ಬಿಟ್ಟ ಗಿಡ ಕೇಳಲಿಕ್ಕೆ ಬಂದಿದ್ದಾರೆ ಅಂತ ಬಾಜೂ ಹೊಲದವಳನ್ನು ಕೂಗಿ ಹೇಳಿದಳು. ಸೊಂಟದ ಗೆರೆ ಹೇಗಾಯಿತು ಅಂದರೆ, ಮದುವೆಯಾಗಿ ಬಂದಾಗಿನಿಂದ ತಾನು ಆಡು ಕಟ್ಟುತ್ತಿದ್ದದ್ದು ಆ ಗಿಡಕ್ಕೇ, ಹಗ್ಗ ತಿಂದು ತಿಂದು ಆದ ಗೆರೆ ಅಂದಳು. ಒಂದು ಟೊಂಗೆ ಮಾತ್ರ ಆಡಿಗೆ ಎಟುಕದಷ್ಟು ಮೇಲೆ ಹೋಗಿತ್ತು. ಅದು ವರ್ಷವರ್ಷ ಮಳೆಯ ಮುಂಚೆ ಹೂ ಬಿಡುತ್ತಿತ್ತಂತೆ. ಬಿಸಿಲಿನಲ್ಲಿ ಕೂತವಳಿಗೆ ಆ ವಾಸನೆಯೊಂದೇ ತಂಪು ಅಂದಳು.

ಗಿಡ ಕೊಡಲಿಕ್ಕೆ ಒಪ್ಪಿದಳು. ಸರ್ ರೊಕ್ಕ ಕೊಡಲು ಹೋದರೆ ಕೈ ಹಿಂದಕ್ಕೆ ತೆಗೆದಳು. ಒಂದೇ ಮಾತು ಕೇಳಿದಳು.

“ಹೂವಾದಾಗ ಒಮ್ಮೆ ನನಗ ತೋರಸ್ರಿ. ಮತ್ತೇನ ಬ್ಯಾಡ.”

ಸರ್ ಆಕೆಯ ಎದುರು ಬದುವಿನ ಮೇಲೆ ಕೂತು, ಹೂವಾದ ದಿನ ತಾವೇ ಬಂದು ಕರೆದುಕೊಂಡು ಹೋಗುವುದಾಗಿ ಹೇಳಿದರು. ಹಾಗೆ ಸುಮ್ಮನೆ ಹೇಳಲಿಲ್ಲ, ಎದೆಯ ಮೇಲೆ ಕೈ ಇಟ್ಟು ಹೇಳಿದರು. ನಾನು ಕಣ್ಣಾರೆ ನೋಡಿದ್ದು.

ಆ ಮಿರಗಕ್ಕೆ ಅರ್ಧ ಬೇರು ಕಡಿದು ಬಂದೆವು. ಮುಂದಿನ ಮಿರಗಕ್ಕೆ ಹೋಗಿ ಮಳೆಯಲ್ಲಿ ತೊಯ್ಯುತ್ತ ಎತ್ತಿದೆವು. ಬೇರಿನ ಹೆಂಟೆ ಒಡೆಯದ ಹಾಗೆ ಹಸಿ ಗೋಣಿಯಲ್ಲಿ ಸುತ್ತಿ, ಅದರ ಮೇಲೆ ನನ್ನ ಹಳೆಯ ಸೀರೆ ಬಿಗಿದು, ಬಸ್ಸಿನಲ್ಲಿ ಮಗುವನ್ನು ಕೂಡಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಹೋಗುವಾಗ ಆಯಿಗೆ ಖಣದ ಎರಡು ಕುಬಸ ಹೊಲಿದು ಒಯ್ದಿದ್ದೆ. ಅಳತೆ ಕೇಳದೆ ಹೊಲಿದದ್ದು, ಕಣ್ಣಳತೆಯಲ್ಲೇ. ಸರಿಯಾಗಿ ಕೂತಿತು. ಕುಂಡಕ್ಕೆ ಇಡುವ ದಿನ ಸರ್ ತಗಡನ್ನೂ ಕೈವಾರವನ್ನೂ ನನ್ನ ಕೈಗೆ ಕೊಟ್ಟರು. ಮೊದಲು ಕಂಡವಳು ನೀನು, ನೀನೇ ಬರಿ ಅಂದರು. ನಾನು ಬರೆದೆ: ‘ಹಲಸಿ ದಾರಿ. ಆಡಿನ ಆಯಿಯ ಬದು. ಹೂವಾದಾಗ ತೋರಿಸಬೇಕು.’

ನಾನು ತಿಂಗಳಿಗೊಮ್ಮೆ ಅಕ್ಕನ ಮನೆಗೆ ಖಾನಾಪುರಕ್ಕೆ ಹೋಗುವವಳು. ಅಲ್ಲಿನ ಸಂತೆಯಲ್ಲಿ ಆಯಿ ಗೆಣಸು ಮಾರುತ್ತಿದ್ದಳು. ನನ್ನನ್ನು ದೂರದಿಂದ ಕಂಡರೆ ಸಾಕು, ಹೂವಾತೇನ ಯವ್ವಾ, ಅಂತ ಕೇಳುವಳು. ಇನ್ನೂ ಇಲ್ಲ ಆಯಿ ಅನ್ನುವೆ. ಆಗತೈತಿ ಬಿಡು, ಗಿಡಕ್ಕೂ ಹೊಸ ಮನಿ, ಅಂತ ನಗುತ್ತ ದೊಡ್ಡ ದೊಡ್ಡ ಗೆಣಸು ಆರಿಸಿ ಚೀಲಕ್ಕೆ ಹಾಕುವಳು. ಮೊದಲ ವರ್ಷ ಹಾಗೆ, ಎರಡನೇ ವರ್ಷವೂ ಹಾಗೆ. ಮೂರನೇ ವರ್ಷ ನನಗೇ ಅನುಮಾನ ಬಂತು. ಗಿಡ ಚೆನ್ನಾಗಿ ಚಿಗುರುತ್ತಿದೆ, ಹೂವೇಕಿಲ್ಲ?

ಒಂದು ವೈಶಾಖದ ಬೆಳಿಗ್ಗೆ ಕೇಳದೆಯೇ ಅವರ ಮಾಳಿಗೆ ಹತ್ತಿದೆ. ಸರ್ ಆ ಗಿಡದ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಎಡ ಅಂಗೈಯ ತುಂಬ ಹಸಿರು ಮೊಗ್ಗು. ಒಂದೊಂದಾಗಿ ಚಿವುಟುತ್ತಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಅವರು ನಾಚಿಕೊಳ್ಳಲೂ ಇಲ್ಲ. ಹೂವಿಗೆ ಬಿಟ್ಟರೆ ಟೊಂಗೆ ಉದ್ದವಾಗಿ ಆಕಾರ ಕೆಡುತ್ತದೆ, ಮೈತುಂಬ ಹೂ ಬೇಕಾದರೆ ವರ್ಷಗಟ್ಟಲೆ ಕತ್ತರಿ ಮುಟ್ಟಿಸಬಾರದು, ಅಷ್ಟರಲ್ಲಿ ಮಾಡಿದ ಕೆಲಸವೆಲ್ಲ ಹೋಗುತ್ತದೆ ಅಂತ ಪಾಠ ಹೇಳುವ ದನಿಯಲ್ಲೇ ಹೇಳಿದರು. ಹಾಗಾದರೆ ಬದುವಿನ ಮೇಲೆ ಕೂತು ಮಾತು ಕೊಡುವಾಗ ಇದು ಗೊತ್ತಿರಲಿಲ್ಲವೇ ಅಂತ ಕೇಳಿದೆ. ಗೊತ್ತಿತ್ತು. ಅವರಿಗೆ ಗೊತ್ತಿರದೆ ಏನು! ನನಗೆ ಗೊತ್ತಿರಲಿಲ್ಲ ಅಷ್ಟೇ, ನಾನು ಹೊಸಬಳು.

“ಆಕಿ ಎಂದೋ ಮರತಿರತಾಳ, ಬಿಡು,” ಅಂದರು.

ಆಯಿ ಮರೆತಿರಲಿಲ್ಲ. ಮುಂದಿನ ಸಂತೆಯಲ್ಲಿ ಮತ್ತೆ ಕೇಳಿದಳು. ಆಗ ನಾನು ಏನು ಹೇಳಬೇಕಾಗಿತ್ತು? ಖರೆ ಹೇಳಬೇಕಾಗಿತ್ತು. ಇನ್ನೂ ಇಲ್ಲ ಆಯಿ, ಅಂದೆ. ಸರ್ ಪರವಾಗಿ ನಾನು ಹೇಳಿದ ಮೊದಲ ಸುಳ್ಳು ಅದು. ಅದಕ್ಕೂ ಗೆಣಸು ಕೊಟ್ಟಳು.

ಹೀಗೇ ಮತ್ತೆರಡು ವರ್ಷ ಕಳೆದವು. ಬೆಳಗಾವಿಯಲ್ಲಿ ದೊಡ್ಡ ಬೋನ್ಸಾಯ್ ಪ್ರದರ್ಶನ ಅಂತ ಸರ್ ಮನೆಯಲ್ಲಿ ಗಡಿಬಿಡಿ ಸುರುವಾಯಿತು. ಆ ಮಾಘದಲ್ಲಿ ನನಗೆ ಮದುವೆ ಹಂಗಾಮು, ರಾಶಿ ಬ್ಲೌಸು. ಅವರ ಮನೆ ಕಡೆ ಹಾಯಲಿಕ್ಕೂ ಪುರಸೊತ್ತಿರಲಿಲ್ಲ. ಫಾಲ್ಗುಣದಲ್ಲಿ ಪ್ರದರ್ಶನ. ನನ್ನದೂ ಒಂದು ಗಿಡ ಮೂಲೆಯ ಮೇಜಿನ ಮೇಲೆ ಇಡಲಿಕ್ಕೆ ಸರ್ ಏರ್ಪಾಟು ಮಾಡಿದ್ದರು. ಅದರ ಮುಂದೆ ನನ್ನ ಹೆಸರು ಅಚ್ಚು ಹಾಕಿಸಿದ ಚೀಟಿ. ಜನ್ಮದಲ್ಲಿ ಮೊದಲ ಸಲ ನನ್ನ ಹೆಸರು ಅಚ್ಚಿನಲ್ಲಿ ನೋಡಿದ್ದು ರೇಶನ್ ಕಾರ್ಡು ಬಿಟ್ಟರೆ ಅಲ್ಲೇ. ಹೂವಿನ ಮಾತಂತೂ ಉಳಿಯಲಿಲ್ಲ, ಗಿಡವನ್ನಾದರೂ ಆಯಿ ನೋಡಲಿ ಅಂತ ನನಗೆ ಅನ್ನಿಸಿತು. ಸರ್‌ಗೆ ಹೇಳದೆ, ಖಾನಾಪುರಕ್ಕೆ ಹೋಗಿ ಆಯಿಯನ್ನು ಕರೆದುಕೊಂಡು ಬಂದೆ. ಸರ್‌ಗೂ ಖುಷಿಯಾದೀತು ಅಂದುಕೊಂಡಿದ್ದೆ. ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ.

ಆಯಿ ನಾನು ಹೊಲಿದ ಖಣದ ಕುಬಸ ಹಾಕಿಕೊಂಡು ಬಂದಿದ್ದಳು. ತೋಳಿನ ಹತ್ತಿರ ಬಣ್ಣ ಸ್ವಲ್ಪ ಹೋಗಿತ್ತು, ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ. ಪ್ರದರ್ಶನದ ಹಾಲ್ ನಡುವೆ ಎತ್ತರದ ಪೀಠದ ಮೇಲೆ ಆ ಗಿಡ. ಮುಂದೆ ಜನ ಕವಿದಿದ್ದರು. ಪುಣೆಯಿಂದ ಬಂದ ತೀರ್ಪುಗಾರರಲ್ಲಿ ಒಬ್ಬ ಹೆಂಗಸು ಅದರ ಸೊಂಟದ ಗೆರೆಯನ್ನು ಬೆರಳು ಮಾಡಿ ತೋರಿಸಿ ಕೇಳುತ್ತಿದ್ದಳು. ಸರ್ ಹೇಳುತ್ತಿದ್ದರು. ತಂದೆಯ ಮನೆಯ ಬೇಲಿಯಿಂದ ತಾವು ಹುಡುಗರಿದ್ದಾಗ ಮುರಿದು ನೆಟ್ಟ ಕಡ್ಡಿಯಂತೆ ಅದು. ಜೀವಮಾನವೆಲ್ಲ ಕುಂಡದಲ್ಲೇ ಬೆಳೆಸಿದ್ದಂತೆ. ಆ ಗೆರೆ ತಾವು ತಂತಿ ಬಿಗಿದು, ಬಿಚ್ಚಿ, ಬಿಗಿದು ಮಾಡಿದ್ದಂತೆ. ಚೀಟಿಯಲ್ಲೂ ಅದೇ ಕತೆ ಇತ್ತು. ಕಾಡಿನಿಂದ ಎತ್ತಿ ತಂದ ಗಿಡಕ್ಕಿಂತ ಕಡ್ಡಿಯಿಂದ ಸ್ವಂತ ಬೆಳೆಸಿದ ಗಿಡಕ್ಕೆ ಮರ್ಯಾದೆ ಹೆಚ್ಚು ಅಂತ ನನಗೆ ಗೊತ್ತಾದದ್ದೂ ಅಲ್ಲೇ.

ಆಯಿಗೆ ಚೀಟಿ ಓದಲಿಕ್ಕೆ ಬರುತ್ತಿರಲಿಲ್ಲ. ಅಡ್ಡ ಕಟ್ಟಿದ ಹಗ್ಗದ ಕೆಳಗೆ ಬಗ್ಗಿ ಹೋಗಿ, ಗಿಡದ ಸೊಂಟದ ಮೇಲೆ ಹೆಬ್ಬೆರಳು ಇಟ್ಟಳು. ಗೆರೆಯಲ್ಲಿ ಬೆರಳು ಸರಿಯಾಗಿ ಕೂತಿತು.

“ಇದು ನನ್ನ ಆಡಿನ ಹಗ್ಗದ ಗುರ್ತ,” ಅಂದಳು. ಎಲ್ಲರಿಗೂ ಕೇಳುವ ಹಾಗೆ, ನಗುತ್ತ. ಆಮೇಲೆ ಸರ್ ಕಡೆ ತಿರುಗಿ ಕೈ ಮುಗಿದಳು.

ಸರ್ ಆಕೆಯನ್ನು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಏನೂ ಅಲುಗಾಡಲಿಲ್ಲ.

“ನಿಮಗ ಬ್ಯಾರೆ ಗಿಡದ ನೆನಪಾಗಿರಬೇಕು, ಬಾಯಾರ. ನಾ ನಿಮ್ಮನ್ನ ಎಂದೂ ನೋಡಿಲ್ಲ.”

ಎಷ್ಟು ಮೆತ್ತಗೆ ಅಂದರು ಅಂದರೆ, ಸುತ್ತಲಿನವರು ಪಾಪ ಮುದುಕಿ ಅನ್ನುವ ಹಾಗೆ ಆಯಿಯನ್ನೇ ನೋಡಿದರು. ಆಯಿ ನನ್ನ ಕಡೆ ನೋಡಿದಳು. ತೀರ್ಪಿನ ಹೆಂಗಸೂ ನನ್ನ ಕಡೆ ನೋಡಿದಳು. ನೀವು ಇವರ ಶಿಷ್ಯೆಯಲ್ಲವೇ, ಈ ಮುದುಕಿಯನ್ನು ಕರೆತಂದವರೂ ನೀವೇ, ಇದರಲ್ಲಿ ಖರೆ ಏನು ಅಂತ ಹಿಂದಿಯಲ್ಲಿ ಕೇಳಿದಳು. ಕುಂಡ ಬೋರಲು ಹಾಕಿ, ಬೇರಿನ ಅಡಿಯ ತಗಡು ತೆಗೆದು ಆಕೆಯ ಕೈಗೆ ಕೊಡಬಹುದಾಗಿತ್ತು. ಅಷ್ಟೂ ಬೇಕಾಗಿರಲಿಲ್ಲ, ಹೌದು ಅಂದಿದ್ದರೆ ಸಾಕಿತ್ತು. ನನಗೆ ಏನೇನೋ ಕಂಡಿತು. ಮೂಲೆಯ ಮೇಜಿನ ಮೇಲಿನ ನನ್ನ ಹೆಸರಿನ ಚೀಟಿ... ಚಿಂದಿ ಕೇಳಲಿಕ್ಕೆ ಬಂದ ಆ ಬೆಳಿಗ್ಗೆ...

“ಸರ್ ಹೇಳಿದ್ದೇ ಖರೆ,” ಅಂದೆ.

ಸರ್‌ಗೆ ಅವತ್ತು ಮೊದಲ ಬಹುಮಾನ ಬಂತು. ನಾನು ನೋಡಲಿಲ್ಲ. ಆಯಿಯನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿದ್ದೆ. ಚಹಾ ಕುಡಿಯೋಣ ಅಂದೆ, ಬೇಡ ಅಂದಳು. ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತ ಮೇಲೆ ನನ್ನನ್ನು ನೋಡಿದಳು.

“ಅವರಿಗೆ ವಯಸ್ಸಾಗೈತಿ, ಮರತಿರಬೇಕು. ಅದಕ್ಕ ನಂದೇನ ಸಿಟ್ಟಿಲ್ಲ. ನಿನಗ ಮರವು ಬಂದಿಲ್ಲಲ್ಲ?”

ಬಸ್ಸು ಹೋಯಿತು.

ಆಮೇಲೆ ನಾನು ಹಿಡಿದುಕೊಂಡದ್ದು ಆಯಿ ಹೇಳಿದ ಆ ಮಾತನ್ನೇ. ವಯಸ್ಸಾಗಿದೆ, ಮರೆತಿದ್ದಾರೆ. ಹೌದು, ಸರ್ ಕನ್ನಡಕ ಎಲ್ಲೆಂದರಲ್ಲಿ ಇಟ್ಟು ಹುಡುಕುತ್ತಿದ್ದರು, ಒಮ್ಮೊಮ್ಮೆ ವಾರ ತಪ್ಪುತ್ತಿದ್ದರು. ಒಂದು ಕತೆಯನ್ನು ಹತ್ತು ಸಲ ಹೇಳಿ ತಾವೇ ಅದನ್ನು ನಂಬಿರಬೇಕು. ಮರೆತವನನ್ನು ಮೋಸಗಾರ ಅನ್ನಲಾಗುವುದಿಲ್ಲ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡು ಮತ್ತೆ ಅವರ ಮಾಳಿಗೆಗೆ ಹೋಗಲಿಕ್ಕೆ ಸುರು ಮಾಡಿದೆ. ಅವರೂ ಏನೂ ಆಗದವರ ಹಾಗೆ ಇದ್ದರು. ಆ ಸಂಗತಿ ನಮ್ಮಿಬ್ಬರ ನಡುವೆ ಒಮ್ಮೆಯೂ ಬರಲಿಲ್ಲ.

ಸಂತೆಗೆ ಬಹಳ ದಿನ ಹೋಗಲಿಲ್ಲ. ಅಕ್ಕ ಕೇಳಿದರೆ ಮೊಣಕಾಲು ನೋವು ಅನ್ನುತ್ತಿದ್ದೆ. ಕೊನೆಗೊಮ್ಮೆ ಧೈರ್ಯ ಮಾಡಿ ಹೋದೆ. ಆಯಿ ಅಲ್ಲೇ, ಅದೇ ಗೋಣಿಯ ಮೇಲೆ ಕೂತಿದ್ದಳು. ಬರ್ರಿ ಬಾಯಾರ, ಎಷ್ಟ ಬೇಕ್ರಿ, ಅಂದಳು. ನನ್ನನ್ನು ಯಾವತ್ತೂ ನೀನು ಅಂತ ಮಾತಾಡಿಸಿದವಳು, ರೀ ಹಚ್ಚಿ ಮಾತಾಡಿದಳು. ಬೇರೆ ಗಿರಾಕಿಗೆ ತೂಗುವ ಹಾಗೆ ಸರಿಯಾಗಿ ತೂಗಿ ಕೊಟ್ಟಳು. ಆರಿಸಲಿಲ್ಲ, ಹೆಚ್ಚಿಗೆ ಹಾಕಲಿಲ್ಲ. ಹೂವಿನ ಮಾತು ಕೇಳಲಿಲ್ಲ. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಅಷ್ಟು ಮರ್ಯಾದೆ ಕೊಟ್ಟ ಮೇಲೆ ಏನು ಮಾಡಲಿಕ್ಕೆ ಬರುತ್ತದೆ? ಚೀಲ ಹಿಡಿದುಕೊಂಡು ವಾಪಸು ಬಂದೆ.

ಅದರ ಮುಂದಿನ ಆಷಾಢದಲ್ಲಿ ಸರ್ ತೀರಿಕೊಂಡರು. ಅತ್ತೆ, ಮನುಷ್ಯನಿಗಾಗಿ ಅತ್ತೆ, ಸುಳ್ಳು ಹೇಳುವುದಿಲ್ಲ. ದಿನಕರ್ಮ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋಗಿ, ಇದನ್ನು ನಿನಗೇ ಕೊಡಬೇಕು ಅಂದಿದ್ದರು ಅಂತ ಆ ಗಿಡವನ್ನೇ ತೋರಿಸಿದರು. ಬೇರೆಯವೆಲ್ಲ ಅವರ ಬೋನ್ಸಾಯ್ ಗುಂಪಿನವರಿಗೆ ಹೋದವು. ಇದೊಂದು ನನಗೆ. ನೋಡಿದೆಯಾ, ಕಡೆಗಾಲಕ್ಕೆ ನೆನಪಾಗಿರಬೇಕು ಅಂದುಕೊಂಡೆ.

ಮಾಘ ಬಂತು. ಮಣ್ಣು ಬದಲಿಸುವ ಕಾಲ. ನಮ್ಮ ಮಾಳಿಗೆಯ ಮೇಲೆ ಗೋಣಿ ಹಾಸಿ ಗಿಡವನ್ನು ಕುಂಡದಿಂದ ಬಿಡಿಸಿ ತೆಗೆದೆ. ಬೇರಿನ ಅಡಿಗೆ ಕೈ ಹಾಕಿದೆ. ತಗಡು ಇರಲಿಕ್ಕಿಲ್ಲ, ಎಂದೋ ತೆಗೆದು ಬಿಸಾಕಿರುತ್ತಾರೆ ಅಂತಲೇ ತಿಳಿದಿದ್ದೆ. ಇತ್ತು. ನನ್ನದೇ ಸೊಟ್ಟ ಅಕ್ಷರ. ಹಲಸಿ ದಾರಿ. ಆಡಿನ ಆಯಿಯ ಬದು. ಹೂವಾದಾಗ ತೋರಿಸಬೇಕು. ತಿರುಗಿಸಿ ನೋಡಿದೆ. ಹಿಂಬದಿಗೆ ಅವರ ಮುತ್ತಿನಂಥ ಅಕ್ಷರದಲ್ಲಿ ಎರಡು ಸಾಲು. ಮೊದಲನೆಯದು ಹಳೆಯದು. ಎರಡನೆಯದು ಪ್ರದರ್ಶನದ ವರ್ಷದ ಮಾಘ.

ಪ್ರದರ್ಶನ ಇದ್ದದ್ದು ಫಾಲ್ಗುಣದಲ್ಲಿ. ಅಂದರೆ ಅದಕ್ಕೆ ಒಂದು ತಿಂಗಳ ಮೊದಲು ಈ ತಗಡನ್ನು ಕೈಯಲ್ಲಿ ಹಿಡಿದಿದ್ದಾರೆ. ಒರೆಸಿದ್ದಾರೆ. ಓದಿದ್ದಾರೆ. ಓದಿ, ತಿಂಗಳು ಗೀರಿ, ಮತ್ತೆ ಬೇರಿನ ಕೆಳಗೆ ನೀಟಾಗಿ ಇಟ್ಟು, ಮೇಲೆ ಹೊಸ ಮಣ್ಣು ಹಾಕಿ, ಹೋಗಿ ಆ ಚೀಟಿ ಅಚ್ಚು ಹಾಕಿಸಿದ್ದಾರೆ. ಆಯಿ ಕೈ ಮುಗಿದು ನಿಂತಾಗ ಅವರಿಗೆ ಎಲ್ಲ ನೆನಪಿತ್ತು. ಮರೆವು ಅಲ್ಲ, ಏನೂ ಅಲ್ಲ. ಆಯಿ ದಯದಿಂದ ಕೊಟ್ಟದ್ದು ಅದೊಂದು ನೆಪ, ಅದನ್ನು ನಾನು ಅಷ್ಟು ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ್ದೆ. ಅದೂ ಹೋಯಿತು. ಇಂಥ ಗಿಡವನ್ನು ನನಗೇ ಯಾಕೆ ಕೊಟ್ಟರು? ನಾನು ತಗಡು ತೆಗೆದು ಓದುತ್ತೇನೆ ಅಂತ ಅವರಿಗೆ ಗೊತ್ತಿತ್ತು. ತಪ್ಪೊಪ್ಪಿಗೆಯೋ, ಬಾಯಿ ಮುಚ್ಚಿಕೊಂಡದ್ದಕ್ಕೆ ಬಹುಮಾನವೋ... ಎಷ್ಟು ಸಲ ಯೋಚಿಸಿದರೂ ತಿಳಿಯುವುದಿಲ್ಲ. ಅವತ್ತು ಮಾತ್ರ ಮಣ್ಣುಗೈಯಲ್ಲೇ ಕೂತು ಅವರನ್ನು ಬಾಯಿಗೆ ಬಂದಂತೆ ಬೈದೆ.

ಮರುದಿನವೇ ಸಂತೆಗೆ ಓಡಿದೆ. ತಗಡು ಆಯಿಯ ಕೈಯಲ್ಲಿಟ್ಟು, ಅವರು ಮರೆತಿರಲಿಲ್ಲ ಆಯಿ, ನಾನೂ ಮರೆತಿರಲಿಲ್ಲ, ಅಂತ ಹೇಳಿಬಿಡಬೇಕು ಅಂತ. ಆ ಜಾಗದಲ್ಲಿ ಬೇರೊಬ್ಬಳು ಗೆಣಸು ಹರಡಿಕೊಂಡು ಕೂತಿದ್ದಳು. ಆಯಿ ದೀಪಾವಳಿಯಲ್ಲೇ ಹೋದಳಲ್ಲ, ನಿಮಗೆ ಗೊತ್ತಿಲ್ಲವೇ ಅಂದಳು. ಎರಡೇ ದಿನ ಜ್ವರ ಬಂದಿತ್ತಂತೆ.

ಮನೆಗೆ ಬಂದು ಡಬ್ಬಿ ಕತ್ತರಿಸಿ ಇನ್ನೊಂದು ತಗಡು ಮಾಡಿದೆ. ಕೈವಾರ ಇರಲಿಲ್ಲ, ಹೊಲಿಗೆಯ ದಬ್ಬಳದಿಂದಲೇ ಬರೆದೆ. ‘ಆಯಿ ನೋಡಲು ಬಂದಿದ್ದಳು. ಸರ್ ಗೊತ್ತಿಲ್ಲ ಅಂದರು. ನಾನೂ ಅದೇ ಖರೆ ಅಂದೆ.’ ಎರಡೂ ತಗಡು ಜೋಡಿಸಿ ಬೇರಿನ ಅಡಿಗೆ ಇಟ್ಟು, ದೊಡ್ಡ ಕುಂಡಕ್ಕೆ ಗಿಡ ಬದಲಿಸಿದೆ. ಅವತ್ತಿನಿಂದ ಅದಕ್ಕೆ ಕತ್ತರಿ ಮುಟ್ಟಿಸಿಲ್ಲ. ಗುಂಪಿನವರು ಬಂದು ನೋಡಿ, ಎಂಥ ಗಿಡ ಹಾಳು ಮಾಡಿದಿರಿ ಅಂತ ಹಣೆ ಚಚ್ಚಿಕೊಂಡರು. ಟೊಂಗೆಗಳು ಹೇಗೆಂದರೆ ಹಾಗೆ ಹೋದವು. ಮೊದಲ ಬೇಸಿಗೆ ಹೂವಾಗಲಿಲ್ಲ. ಎರಡನೆಯದಕ್ಕೂ ಇಲ್ಲ. ಈ ಸಲ ಮೊಗ್ಗು ಕಂಡಿದ್ದವು. ನಾನು ನಾಲ್ಕು ದಿನದಿಂದ ಬೇಕೆಂದೇ ಮಾಳಿಗೆ ಹತ್ತಿರಲಿಲ್ಲ, ನೀರು ಹಾಕಲು ನಮ್ಮ ಹಿಂದಿನ ಕೋಣೆಯ ಬಾಡಿಗೆಯವರಿಗೆ ಹೇಳಿದ್ದೆ.

ನೆಹರು ನಗರದಿಂದ ಮನೆಗೆ ಬಂದು, ಕಣ್ಣು ಇನ್ನೂ ಮಂಜಾಗಿರುವಾಗಲೇ ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲೇ ವಾಸನೆ ಬಡಿಯಿತು. ಹೂವಾಗಿತ್ತು. ತುದಿಯೊಂದೂ ಬಿಡದೆ ಆಗಿತ್ತು. ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಹೆಂಗಸು ಗೋಡೆಗೆ ಬಂದಳು. ಆ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವಳು, ನನ್ನ ಹಿಂದಿನದೇನೂ ಆಕೆಗೆ ಗೊತ್ತಿಲ್ಲ. ಎರಡು ದಿನದಿಂದ ಇದೇ ವಾಸನೆಗೆ ತಲೆ ಹಿಡಿಯುತ್ತಿದೆ ಅಂದಳು. ಆಮೇಲೆ ಸ್ವಲ್ಪ ಹೊತ್ತು ನೋಡಿ, ಛಲೋ ಕಾಣತೈತಿ, ಯಾರ ಗಿಡಾರೀ ಇದು, ಅಂತ ಕೇಳಿದಳು.

“ಹಲಸಿ ಕಡೆ ಒಬ್ಬ ಆಯಿದು,” ಅಂದೆ.

ಹೌದಾ ಅಂತ ಹೇಳಿ ಆಕೆ ಹಪ್ಪಳ ತಿರುವಿ ಹಾಕಲಿಕ್ಕೆ ಹೋದಳು. ಅಷ್ಟೇ ಮಾತು. ಅವತ್ತು ಆ ಪ್ರದರ್ಶನದಲ್ಲಿ ನನ್ನ ಬಾಯಿಂದ ಹೊರಡದ ಮಾತು, ಈಗ ಎಷ್ಟು ಸಲೀಸಾಗಿ ಬಂತು... ಈಗ ಹೇಳಿದರೆ ನನಗೆ ಏನೂ ಹೋಗುವುದಿರಲಿಲ್ಲ. ಕೇಳಬೇಕಾದವಳೂ ಇರಲಿಲ್ಲ.